ಅಮ್ಮನ ದುಡಿಮೆ ಲೆಕ್ಕಕ್ಕೆ ಬಾರದಿದ್ದರೂ ದೇಶ ಬೆಳೆಯುವುದು ಹೇಗೆ?

ಪ್ರಶ್ನೆ: ಶಿಡ್ಲಘಟ್ಟದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಅರ್ಥಶಾಸ್ತ್ರದ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ, ಊರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಅಭಿವೃದ್ಧಿಶೀಲ ದೇಶಗಳಲ್ಲಿ ಹೆಣ್ಣು-ಗಂಡಿನ ನಡುವಿನ ಅಸಮಾನತೆಗೂ ಆರ್ಥಿಕ ಬೆಳವಣಿಗೆಗೂ ಇರುವ ಸಂಬಂಧವನ್ನು ಕುರಿತು ಪ್ರಬಂಧ ಬರೆಯಬೇಕಾಗಿದೆ. ಓದುತ್ತಾ ಹೋದಂತೆ ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ನಾನು ಓದಿದ ಪಠ್ಯಗಳೆಲ್ಲ ಅಸಮಾನತೆಯು ಬೆಳವಣಿಗೆಗೆ ಅಡ್ಡಿ ಎಂದೇ ಹೇಳುತ್ತವೆ. ಆದರೆ ನಮ್ಮ ದೇಶದಲ್ಲಿ 15 ವರ್ಷ ತುಂಬಿದ ಹೆಂಗಸರ ಪೈಕಿ ದುಡಿಯುತ್ತಿರುವವರು ಮತ್ತು ಕೆಲಸ ಹುಡುಕುತ್ತಿರುವವರ ಪಾಲು 2011-12ರಲ್ಲಿ ಶೇ. 31.2 ಇದ್ದದ್ದು 2017-18ರ ಹೊತ್ತಿಗೆ ಶೇ. 23.3ಕ್ಕೆ ಇಳಿಯಿತು. ಆ ನಡುವಿನ ಯಾವ ವರ್ಷದಲ್ಲೂ ದೇಶದ ಬೆಳವಣಿಗೆಯ ದರ ಶೇ. 5ಕ್ಕಿಂತ ಕೆಳಗಿಳಿಯಲಿಲ್ಲ. ಹೆಂಗಸರು ದುಡಿಮೆಯಿಂದ ಹಿಂದೆ ಸರಿಯುತ್ತಿರುವಾಗಲೇ ದೇಶ ಬೆಳೆದಿದೆ ಎಂದಮೇಲೆ ಪುಸ್ತಕದ ಮಾತನ್ನು ನಾನು ಹೇಗೆ ಸಮರ್ಥಿಸಲಿ?

ಎರಡನೆಯದು ನಮ್ಮ ಮನೆಯ ಮಾತು. ನಮ್ಮದು ರೇಷ್ಮೆ ಬೆಳೆಯುವ ಮನೆ, ಎರಡು ಸೀಮೆಹಸುಗಳೂ ಇವೆ. ಹುಳು ನಾಲ್ಕನೇ ಜ್ವರದಿಂದ (ಮೇವು ಬಿಟ್ಟು ಪೊರೆ ಕಳಚುವ ಹೊತ್ತನ್ನು ನಾವು ಜ್ವರ ಎನ್ನುತ್ತೇವೆ) ಎದ್ದಮೇಲೆ ಒಂದು ವಾರ ಅಮ್ಮನಿಗೆ ಹಗಲು ರಾತ್ರಿಯ ವ್ಯತ್ಯಾಸವೇ ಇರುವುದಿಲ್ಲ. ಬೆಳಗಿನ ಜಾವ ಎದ್ದು ಹುಳುವಿಗೆ ಸೊಪ್ಪು ಹಾಕಿ, ಹಾಲು ಕರೆದು ಡೈರಿಗೆ ಕಳಿಸಿ, ಅಡುಗೆ ಮುಗಿಸಿ, ತೋಟಕ್ಕೆ ಹೋಗಿ ಹಿಪ್ಪುನೇರಳೆ ಕೊಯ್ದು ತಂದು, ಮತ್ತೆ ಸೊಪ್ಪು ಹಾಕುತ್ತಾರೆ. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದಾಗ ಒಂದೊಂದನ್ನೇ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಡುವುದೂ ಅವರ ಕೈಯ ಕೆಲಸವೇ. ಗೂಡನ್ನು ಮಾರುಕಟ್ಟೆಗೆ ಕೊಂಡೊಯ್ಯುವುದು ಅಪ್ಪ. ಹರಾಜಿನ ಹಣ ಬೀಳುವುದು ಅಪ್ಪನ ಖಾತೆಗೆ. ಒಮ್ಮೆ ಸಮೀಕ್ಷೆಗೆಂದು ಬಂದವರು ಅಮ್ಮನ ಉದ್ಯೋಗವೇನೆಂದು ಕೇಳಿದಾಗ ಅಪ್ಪ, 'ಏನಿಲ್ಲ ಸಾ, ಮನೇಲೇ ಇರ್ತಾಳೆ' ಎಂದರು. ಅವರೂ ಹಾಗೆಯೇ ಬರೆದುಕೊಂಡು ಹೋದರು. ಅಪ್ಪ ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು, ಪಕ್ಕದಲ್ಲೇ ನಿಂತಿದ್ದ ಅಮ್ಮನಿಗೂ ಅದು ತಪ್ಪೆನಿಸಲಿಲ್ಲ. ಹೀಗೆ ಬರೆದ ಅಂಕಿಗಳನ್ನು ನಂಬಿ ನಾನು ಯಾವ ತೀರ್ಮಾನಕ್ಕೆ ಬರಬಹುದು?

ಉತ್ತರ: ನಿವೃತ್ತ ಉಪನ್ಯಾಸಕ, ಕೋಲಾರ

ನೋಡಮ್ಮ, ನಿಮ್ಮ ಗೊಂದಲ ಸರಿಯಾದ ಜಾಗದಲ್ಲೇ ಹುಟ್ಟಿದೆ. ಮೂವತ್ತು ವರ್ಷ ಪಾಠ ಹೇಳಿದವನಾಗಿ ನನ್ನ ಮೊದಲ ಸಲಹೆಯೆಂದರೆ, 'ಅಸಮಾನತೆ' ಎಂಬ ಪದವನ್ನು ಇಡಿಯಾಗಿ ಹಿಡಿದು ಬೆಳವಣಿಗೆಯ ಪಕ್ಕದಲ್ಲಿ ನಿಲ್ಲಿಸಬೇಡಿ. ಓದಿನಲ್ಲಿನ ಅಂತರ, ಕೂಲಿಯಲ್ಲಿನ ಅಂತರ, ಆಸ್ತಿಯಲ್ಲಿನ ಅಂತರ ಬೇರೆ ಬೇರೆ, ಬೆಳವಣಿಗೆಯೊಂದಿಗೆ ಅವುಗಳ ನಡವಳಿಕೆಯೂ ಬೇರೆ ಬೇರೆ.

ಓದಿನ ವಿಷಯದಲ್ಲಿ ಸಂಶೋಧಕರ ನಡುವೆ ಹೆಚ್ಚಿನ ಜಗಳವಿಲ್ಲ. ಜರ್ಮನಿಯ ಸ್ಟೀಫನ್ ಕ್ಲಾಸೆನ್ ಅವರು 1960ರಿಂದ 1992ರವರೆಗಿನ ಅವಧಿಯನ್ನು ತೆಗೆದುಕೊಂಡು ಹಲವು ದೇಶಗಳನ್ನು ಹೋಲಿಸಿ, ಹುಡುಗಿಯರನ್ನು ಶಾಲೆಯಿಂದ ಹೊರಗಿಟ್ಟ ದೇಶಗಳು ಅದರ ಬೆಲೆಯನ್ನು ಬೆಳವಣಿಗೆಯ ದರದಲ್ಲೇ ತೆತ್ತಿವೆ ಎಂದು 2002ರಲ್ಲಿ ತೋರಿಸಿದರು. ದಕ್ಷಿಣ ಏಷ್ಯಾ ಮತ್ತು ಸಹಾರಾದ ದಕ್ಷಿಣದ ಆಫ್ರಿಕಾ, ಪೂರ್ವ ಏಷ್ಯಾಕ್ಕಿಂತ ಹಿಂದೆ ಬಿದ್ದದ್ದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಜಾಣ ಹುಡುಗಿ ಮನೆಯಲ್ಲಿ ಕುಳಿತು ಸಾಧಾರಣ ಹುಡುಗ ಕಾಲೇಜಿಗೆ ಹೋದರೆ ದೇಶದ ಒಟ್ಟು ಸಾಮರ್ಥ್ಯ ತಗ್ಗುತ್ತದೆ. ಓದಿದ ತಾಯಿಗೆ ಮಕ್ಕಳು ಕಡಿಮೆ, ಆ ಮಕ್ಕಳ ಆರೋಗ್ಯವೂ ಓದೂ ಉತ್ತಮ. ಹಾಗಾಗಿ ನಷ್ಟ ಒಂದೇ ತಲೆಮಾರಿಗೆ ಮುಗಿಯುವುದಿಲ್ಲ.

ಕೂಲಿಯ ಕಥೆ ಹಾಗಲ್ಲ, ಅಲ್ಲಿ ಸತ್ಯ ಕಹಿಯಾಗಿದೆ. ಸ್ಟೆಫನಿ ಸೆಗೀನೊ ಎಂಬ ಅರ್ಥಶಾಸ್ತ್ರಜ್ಞೆ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಫ್ತನ್ನು ನೆಚ್ಚಿಕೊಂಡ ಅರೆ-ಕೈಗಾರಿಕೀಕೃತ ದೇಶಗಳನ್ನು 1975ರಿಂದ 1995ರವರೆಗೆ ಪರಿಶೀಲಿಸಿ, ಹೆಂಗಸರಿಗೂ ಗಂಡಸರಿಗೂ ನಡುವೆ ಕೂಲಿಯ ಅಂತರ ಹೆಚ್ಚಿದ್ದ ಕಡೆ ಬೆಳವಣಿಗೆಯೂ ವೇಗವಾಗಿತ್ತು ಎಂದು ಕಂಡುಕೊಂಡರು. ಬಟ್ಟೆ, ಎಲೆಕ್ಟ್ರಾನಿಕ್ಸ್ ಮೊದಲಾದ ರಫ್ತು ಕಾರ್ಖಾನೆಗಳಲ್ಲಿ ಓದು ಬರುವ, ಎದುರಾಡದ, ಕಡಿಮೆ ಸಂಬಳಕ್ಕೆ ಒಪ್ಪುವ ಹುಡುಗಿಯರನ್ನು ತುಂಬಿಕೊಂಡು ಸರಕನ್ನು ಅಗ್ಗವಾಗಿ ಮಾರಿದ್ದರಿಂದ ಬಂದ ಡಾಲರಿನಲ್ಲಿ ಯಂತ್ರ ಕೊಂಡು ಬೆಳೆದ ದೇಶಕ್ಕೆ ದಕ್ಷಿಣ ಕೊರಿಯಾ ಉದಾಹರಣೆ. ಗಮನಿಸಿ, ಅಲ್ಲಿ ಹುಡುಗಿಯರ ಓದಿನ ಅಂತರ ಬೇಗ ಕಡಿಮೆಯಾಗಿತ್ತು, ಕೂಲಿಯ ಅಂತರ ಮಾತ್ರ ಉಳಿದಿತ್ತು. ಮುಂಜಾನೆ ಕತ್ತಲಲ್ಲಿ ನಮ್ಮ ಜಿಲ್ಲೆಯ ಊರಬಾಗಿಲುಗಳಿಗೆ ಬಂದು ನಿಲ್ಲುವ ಕಾರ್ಖಾನೆ ಬಸ್ಸುಗಳಿಗೆ ಟಿಫನ್ ಡಬ್ಬಿ ಹಿಡಿದು ಓಡುವ ಹೆಣ್ಣುಮಕ್ಕಳನ್ನು ಕಂಡಾಗಲೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ. ಅಸಮಾನತೆಯಿದ್ದರೆ ಬೆಳವಣಿಗೆಯೇ ಆಗದು ಎಂಬ ಮಾತು ಸುಳ್ಳು. ಕೆಲವು ಬಗೆಯ ಬೆಳವಣಿಗೆ ನಿಂತಿರುವುದೇ ಹೆಣ್ಣಿನ ಅಗ್ಗದ ದುಡಿಮೆಯ ಮೇಲೆ ಎಂಬುದನ್ನು ನಿಮ್ಮ ಪ್ರಬಂಧದಲ್ಲಿ ಮುಚ್ಚಿಡದೆ ಬರೆಯಿರಿ.

ಹೆಂಗಸರ ಪಾಲು ಇಳಿದದ್ದರ ಬಗ್ಗೆ: 2023ರಲ್ಲಿ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು, ದೇಶ ಕೃಷಿಯಿಂದ ಕೈಗಾರಿಕೆಯತ್ತ ಹೊರಳುವಾಗ ಹೆಂಗಸರ ದುಡಿಮೆಯ ಪಾಲು ಮೊದಲು ಇಳಿದು, ಹುಡುಗಿಯರು ಪ್ರೌಢಶಾಲೆ ದಾಟಿ ಕಚೇರಿ ಕೆಲಸಗಳು ತೆರೆದುಕೊಂಡ ಮೇಲೆ ಏರುತ್ತದೆ ಎಂದು ವಿವರಿಸಿದ್ದಾರೆ. ಮನೆಯ ಹೊಲದಲ್ಲಿ ಮಗುವನ್ನು ಮರದ ನೆರಳಿಗೆ ಮಲಗಿಸಿ ಕಳೆ ಕೀಳಬಹುದು, ಕಾರ್ಖಾನೆಯ ಪಾಳಿಯಲ್ಲಿ ಅದು ಆಗದು. ಗಂಡನ ಗಳಿಕೆ ಸ್ವಲ್ಪ ಏರಿದ ಕೂಡಲೇ ಹೆಂಡತಿ ಕೂಲಿಗೆ ಹೋಗುವುದು ಮನೆತನಕ್ಕೆ ಕುಂದು ಎಂಬ ಭಾವನೆಯೂ ಬರುತ್ತದೆ. ನಮ್ಮಲ್ಲಿ ಹುಡುಗಿಯರು ಓದಿದರು, ಆದರೆ ಅವರ ಓದಿಗೆ ತಕ್ಕ ಕೆಲಸ ಹಳ್ಳಿಯಿಂದ ಹೋಗಿಬರುವ ದೂರದಲ್ಲಿ ಹುಟ್ಟಲಿಲ್ಲ. ನನ್ನ ತಿಳಿವಳಿಕೆಯಲ್ಲಿ ನಾವು ಆ ತಗ್ಗಿನಲ್ಲೇ ಬಹಳ ಕಾಲ ನಿಂತುಬಿಟ್ಟೆವು.

ಉತ್ತರ: ಮಾಲೂರಿನ ವ್ಯಾಪಾರಿ

ಉಪನ್ಯಾಸಕರ ಮಾತನ್ನು ಗೌರವದಿಂದ ಓದಿದೆ. ನನ್ನದೊಂದು ಭಿನ್ನಾಭಿಪ್ರಾಯವಿದೆ. ನಮ್ಮ ತಾಯಿ ಇಟ್ಟಿಗೆ ಗೂಡಿನಲ್ಲಿ ಮಣ್ಣು ಹೊತ್ತು ನಮ್ಮನ್ನು ಸಾಕಿದರು. ಅವರ ನೆತ್ತಿಯ ಮೇಲೆ ಸಿಂಬಿ ಒತ್ತಿ ಒತ್ತಿ ಕೂದಲು ಉದುರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಹೆಂಡತಿಗೆ ಅಂಥ ಕೆಲಸಕ್ಕೆ ಹೋಗುವ ಅಗತ್ಯ ಬರಲಿಲ್ಲ, ಅದನ್ನು ನಮ್ಮ ಮನೆಯ ಏಳಿಗೆ ಎಂದೇ ನಾನು ತಿಳಿದಿದ್ದೇನೆ. ಸರ್ಕಾರದ ಅಂಕಿಯಲ್ಲಿ ನನ್ನ ತಾಯಿ 'ದುಡಿಯುವವಳು', ನನ್ನ ಹೆಂಡತಿ 'ದುಡಿಯದವಳು'. ಪಾಲು ಇಳಿದದ್ದನ್ನೆಲ್ಲ ಅಸಮಾನತೆ ಎಂದು ಕರೆದರೆ ನನ್ನ ತಾಯಿ ಪಟ್ಟ ಕಷ್ಟವನ್ನೇ ಸಮಾನತೆ ಎಂದು ಕರೆದಂತಾಗುವುದಿಲ್ಲವೇ?

ಉತ್ತರ: ಸಮೀಕ್ಷೆಯ ಕೆಲಸ ಮಾಡಿದವಳು, ಬಂಗಾರಪೇಟೆ

ಮಾಲೂರಿನ ಅಣ್ಣನವರ ಮಾತಿನಲ್ಲಿ ನ್ಯಾಯವಿದೆ. ನಿಮ್ಮ ತಾಯಿಯವರಂಥ ದುಡಿಮೆಯಿಂದ ಹೆಂಗಸರಿಗೆ ಬಿಡುಗಡೆ ಸಿಕ್ಕಿದ್ದರೆ ಯಾರೂ ಅದನ್ನು ಹಿನ್ನಡೆ ಎನ್ನಲಾರರು. ಆದರೆ ಮನೆಯಲ್ಲಿ ಉಳಿದವರಿಗೆ ಬಿಡುವು ಸಿಕ್ಕಿತೇ, ಬೇರೆ ಕೆಲಸವನ್ನು ಆರಿಸಿಕೊಳ್ಳುವ ಅವಕಾಶ ಇತ್ತೇ ಎಂಬುದನ್ನೂ ಕೇಳಬೇಕು. 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಸರಾಸರಿ ಮಾತ್ರ. ಅಂಥವರು ನೂರಕ್ಕೆ 26 ಜನ. 2011-12ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಮನೆಗೆಲಸದಲ್ಲೇ ಇದ್ದ ಹೆಂಗಸರನ್ನು, ಮನೆಯಲ್ಲಿದ್ದುಕೊಂಡೇ ಮಾಡುವ ಕೆಲಸ ಸಿಕ್ಕರೆ ಮಾಡುವಿರಾ ಎಂದು ಕೇಳಿದಾಗ ಹಳ್ಳಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನವರು ಒಪ್ಪಿದ್ದರು. ಅವರೆಲ್ಲ ಆರಾಮಕ್ಕಾಗಿ ಮನೆಯಲ್ಲಿ ಉಳಿದವರಲ್ಲ.

ಇನ್ನು ವಿದ್ಯಾರ್ಥಿನಿಯ ಎರಡನೇ ಪ್ರಶ್ನೆ. ನಾನು ಕೆಲವು ಕಾಲ ಗುತ್ತಿಗೆಯ ಮೇಲೆ ಮನೆಮನೆ ಸಮೀಕ್ಷೆಗೆ ಹೋಗಿದ್ದೇನೆ. ರಾಷ್ಟ್ರೀಯ ಸಮೀಕ್ಷೆಗಳ ನಮೂನೆಯಲ್ಲಿ ಪ್ರತಿಯೊಬ್ಬರ ಚಟುವಟಿಕೆಗೂ ಒಂದು ಸಂಕೇತ ಸಂಖ್ಯೆ ಇರುತ್ತದೆ. ಮನೆಗೆಲಸ ಮಾತ್ರ ಮಾಡುವವರಿಗೆ 92, ಮನೆಗೆಲಸದ ಜೊತೆಗೆ ಮನೆಬಳಕೆಗಾಗಿ ಸೌದೆ, ಮೇವು ತರುವ, ಹೊಲಿಗೆ ನೇಯ್ಗೆ ಮಾಡುವವರಿಗೆ 93. ಮನೆಯವರ ಹೊಲ, ಹೈನು, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರಿಗೆ 21. ಮೊದಲಿನ ಎರಡು ಸಂಖ್ಯೆಯವರು ದುಡಿಯುವವರ ಲೆಕ್ಕಕ್ಕೆ ಸೇರುವುದಿಲ್ಲ, 21 ಸೇರುತ್ತದೆ. ನಿಮ್ಮ ಅಮ್ಮ ನಿಯಮದ ಪ್ರಕಾರವೇ 21. ಅಂದರೆ ಅವರನ್ನು ಬಿಟ್ಟದ್ದು ಅರ್ಥಶಾಸ್ತ್ರದ ವ್ಯಾಖ್ಯೆಯಲ್ಲ, ಪ್ರಶ್ನೆ ಕೇಳಿದ ಬಗೆ. ಸಂಜೆ ಆರು ಗಂಟೆಗೆ ಜಗುಲಿಯ ಮೇಲೆ ಕುಳಿತ ಯಜಮಾನರನ್ನು 'ನಿಮ್ಮ ಹೆಂಡತಿ ಕೆಲಸ ಮಾಡುತ್ತಾರಾ' ಎಂದು ಕೇಳಿದರೆ ಬರುವ ಉತ್ತರ ಒಂದು, ಕೊಟ್ಟಿಗೆಯಲ್ಲಿರುವ ಹೆಂಗಸಿನ ಬಳಿಗೇ ಹೋಗಿ 'ಹಾಲು ಕರೆಯೋರು ಯಾರಮ್ಮ, ಸೊಪ್ಪು ಕೊಯ್ಯೋರು ಯಾರು, ಮೊನ್ನೆ ಟೊಮೆಟೊ ಬಿಡಿಸಿದ್ದು ಯಾರು' ಎಂದು ಕೇಳಿದರೆ ಬರುವ ಉತ್ತರವೇ ಬೇರೆ. ಆ ಎರಡನೇ ಬಗೆಯಲ್ಲಿ ಕೇಳಲು ಒಂದು ಮನೆಗೆ ಅರ್ಧ ಗಂಟೆ ಹೆಚ್ಚು ಬೇಕು.

ಆದ್ದರಿಂದ ಇತ್ತೀಚಿನ ಏರಿಕೆಯನ್ನೂ ಎಚ್ಚರದಿಂದ ಓದಿ. ನೀವು ಹೇಳಿದ ಶೇ. 23.3 ಎಂಬುದು 2023-24ರಲ್ಲಿ ಶೇ. 41.7 ಆಗಿದೆ. ಆದರೆ ದುಡಿಯುವ ಹೆಂಗಸರಲ್ಲಿ ಮನೆಯವರ ಹೊಲ, ಹೈನು, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವ, ಅಂದರೆ 21ರವರ ಪಾಲು 2017-18ರಲ್ಲಿ ಶೇ. 31.7 ಇದ್ದದ್ದು 2022-23ರಲ್ಲಿ ಶೇ. 37.5ಕ್ಕೆ ಏರಿದೆ. ಲೆಕ್ಕಕ್ಕೆ ಬಂದರು ಎಂಬುದು ಒಳ್ಳೆಯದೇ, ಆದರೆ ಕೈಗೆ ಕಾಸು ಬಂತು ಎಂದು ಅದಕ್ಕೆ ಅರ್ಥವಲ್ಲ.

ಉತ್ತರ: ಮುಳಬಾಗಿಲಿನ ರೈತ ಮಹಿಳೆ

ನಾನು ಪಿ.ಯು.ಸಿ.ವರೆಗೆ ಓದಿದವಳು, ಅರ್ಥಶಾಸ್ತ್ರದ ಪಂಡಿತೆಯಲ್ಲ. ಆದರೂ ಎಲ್ಲರೂ ಕೂಲಿ ಮತ್ತು ಸಮೀಕ್ಷೆಯ ಮಾತನ್ನೇ ಆಡುತ್ತಿರುವುದರಿಂದ ಪಹಣಿಯ ಮಾತನ್ನು ನಾನು ಹೇಳಬೇಕಾಗಿದೆ.

ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಡುವ ಕಾನೂನು 1994ರಲ್ಲೇ ಬಂತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಕಾನೂನಾಯಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಇಷ್ಟೆಲ್ಲ ಇದ್ದೂ ನಮ್ಮ ತಂದೆ ತೀರಿಕೊಂಡ ಮೇಲೆ ಆದದ್ದು ಇಷ್ಟು: ಅಣ್ಣಂದಿರು ಹಬ್ಬಕ್ಕೆ ಕರೆದರು, ಅತ್ತಿಗೆ ಮಡಿಲು ತುಂಬಿ ಸೀರೆ ಕೊಟ್ಟರು, ಮರುದಿನ ಉಪನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ನನ್ನಿಂದಲೂ ತಂಗಿಯಿಂದಲೂ ಸಹಿ ಹಾಕಿಸಿಕೊಂಡರು. ಯಾರೂ ಗದರಿಸಲಿಲ್ಲ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಗಂಡನ ಮನೆಯಲ್ಲಿ ಎರಡೂವರೆ ಎಕರೆ ನಾನೇ ನೋಡಿಕೊಳ್ಳುತ್ತೇನೆ, ಅವರು ಬೆಂಗಳೂರಿನಲ್ಲಿ ಚಾಲಕರು. ಬೆಳೆಸಾಲ, ಬೆಳೆವಿಮೆ, ಹನಿ ನೀರಾವರಿಯ ಸಹಾಯಧನ ಎಲ್ಲಕ್ಕೂ ಪಹಣಿಯಲ್ಲಿ ಹೆಸರಿರುವವರು ಬರಬೇಕು. ಒಮ್ಮೆ ಅವರಿಗೆ ರಜೆ ಸಿಗುವ ಹೊತ್ತಿಗೆ ಸಾಲದ ಗಡುವು ಮುಗಿದು, ಗೊಬ್ಬರವನ್ನು ಅಂಗಡಿಯವರ ಬಳಿ ಬಡ್ಡಿಗೆ ತಂದೆ. ಅದೂ ಸಾಲದೆ ಅರ್ಧ ಹೊಲಕ್ಕೆ ಮಾತ್ರ ಹಾಕಿದೆ, ಆ ವರ್ಷ ಇಳುವರಿಯೂ ಅಷ್ಟಕ್ಕಷ್ಟೆ. ಕೃಷಿ ಗಣತಿಯಂತೆ 2015-16ರಲ್ಲಿ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ನೂರಕ್ಕೆ ಸುಮಾರು 14 ಮಾತ್ರ. ಹೊಲದಲ್ಲಿ ಬಗ್ಗಿದ ಬೆನ್ನುಗಳನ್ನು ಎಣಿಸಿದವರಿಗೆ ಆ ಅಂಕಿಯ ಅರ್ಥ ತಿಳಿಯುತ್ತದೆ.

ಒಂದೇ ಒಂದು ಕಡೆ ನನ್ನ ಹೆಸರಿದೆ, ಅದು ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ. ಬಟವಾಡೆ ನನ್ನ ಖಾತೆಗೆ ಬೀಳುತ್ತದೆ. ಮಗಳನ್ನು ಹತ್ತನೇ ತರಗತಿಯಾದ ಮೇಲೆ ಹಾಸ್ಟೆಲ್ಲಿಗೆ ಸೇರಿಸಿದ್ದು ಆ ದುಡ್ಡಿನಿಂದ. ಪಹಣಿಯ ದುಡ್ಡಾಗಿದ್ದರೆ ನಾಲ್ಕು ಜನ ಕುಳಿತು ಮಾತನಾಡುತ್ತಿದ್ದರು, ಆಗ ತೀರ್ಮಾನ ಏನಾಗುತ್ತಿತ್ತೆಂದು ನನಗೆ ಗೊತ್ತು.

ಉತ್ತರ: ನಿವೃತ್ತ ಉಪನ್ಯಾಸಕ, ಕೋಲಾರ

ಮುಳಬಾಗಿಲಿನ ತಾಯಿಯವರು ಹೇಳಿದ್ದನ್ನೇ ಕ್ರಿಸ್ಟೋಫರ್ ಉಡ್ರಿ ಎಂಬ ಅರ್ಥಶಾಸ್ತ್ರಜ್ಞರು ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಅಳೆದು ನೋಡಿದರು. ಅಲ್ಲಿ ಒಂದೇ ಮನೆಯ ಗಂಡನಿಗೂ ಹೆಂಡತಿಗೂ ಬೇರೆ ಬೇರೆ ತುಂಡು ನೆಲವಿರುತ್ತದೆ. ಅದೇ ವರ್ಷ, ಅದೇ ಬೆಳೆ ಇಟ್ಟರೂ ಹೆಂಡತಿಯ ನೆಲದ ಇಳುವರಿ ಸುಮಾರು ಶೇ. 30ರಷ್ಟು ಕಡಿಮೆ. ಅವಳ ಕೈ ಸೋತದ್ದರಿಂದಲ್ಲ, ಮನೆಯ ತಿಪ್ಪೆಗೊಬ್ಬರವೂ ಆಳುಗಳ ದುಡಿಮೆಯೂ ಗಂಡನ ನೆಲಕ್ಕೆ ಹೋಗುತ್ತಿದ್ದುದರಿಂದ. ಇದ್ದ ಗೊಬ್ಬರವನ್ನೂ ಆಳುಗಳನ್ನೂ ಸರಿಯಾಗಿ ಹಂಚಿದ್ದರೆ ಹೊಸದಾಗಿ ಒಂದು ಪೈಸೆ ಹಾಕದೆ ಮನೆಯ ಉತ್ಪನ್ನ ಸುಮಾರು ಶೇ. 6 ಹೆಚ್ಚುತ್ತಿತ್ತು ಎಂದು 1996ರಲ್ಲಿ ಅವರು ಲೆಕ್ಕ ಕೊಟ್ಟರು. ಹೆಂಗಸರಿಗೂ ಗಂಡಸರಷ್ಟೇ ಸಂಪನ್ಮೂಲ ಸಿಕ್ಕರೆ ಅಭಿವೃದ್ಧಿಶೀಲ ದೇಶಗಳ ಕೃಷಿ ಉತ್ಪನ್ನ ಶೇ. 2.5ರಿಂದ 4ರವರೆಗೆ ಏರಬಹುದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಅಂದಾಜು ಮಾಡಿತ್ತು. ವಿದ್ಯಾರ್ಥಿನಿಯವರ ಮೊದಲ ಪ್ರಶ್ನೆಗೆ ಇದೇ ನನ್ನ ಉತ್ತರ: ದೇಶ ಬೆಳೆದದ್ದು ನಿಜ, ಆದರೆ ಅರ್ಧ ಹೊಲಕ್ಕೆ ಮಾತ್ರ ಗೊಬ್ಬರ ಹಾಕಿ ಬೆಳೆದದ್ದು.

1994ರ ತಿದ್ದುಪಡಿ ಪೂರ್ತಿ ವ್ಯರ್ಥವಾಗಲಿಲ್ಲ ಎಂಬುದನ್ನೂ ದಾಖಲಿಸಿಕೊಳ್ಳಿ. ಕರ್ನಾಟಕ ಮತ್ತು ಮಹಾರಾಷ್ಟ್ರದ ಕುಟುಂಬಗಳನ್ನು ಅಧ್ಯಯನ ಮಾಡಿದವರು, ಆ ಕಾನೂನಿನ ನಂತರ ಭೂಮಿ ಪಡೆದ ಹೆಣ್ಣುಮಕ್ಕಳ ಪ್ರಮಾಣವೂ ಮದುವೆಯ ವಯಸ್ಸೂ ಹುಡುಗಿಯರ ಓದೂ ಹೆಚ್ಚಿದ್ದನ್ನು ತೋರಿಸಿದ್ದಾರೆ. ಅಂತರ ಪೂರ್ತಿ ಮುಚ್ಚಲಿಲ್ಲ, ಅಷ್ಟೆ.

ಪ್ರತಿಕ್ರಿಯೆ: ಶಿಡ್ಲಘಟ್ಟದ ವಿದ್ಯಾರ್ಥಿನಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸರ್, ಇನ್ನೊಂದು ಸಣ್ಣ ಸಂದೇಹ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕಿದೆ, ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಯಜಮಾನಿಯ ಖಾತೆಗೇ ಬರುತ್ತಿದೆ. ಇವನ್ನು ಪ್ರಬಂಧದಲ್ಲಿ ಎಲ್ಲಿ ಇಡಬೇಕು?

ಉತ್ತರ: ನಿವೃತ್ತ ಉಪನ್ಯಾಸಕ, ಕೋಲಾರ

ಎರಡನ್ನೂ ಒಂದೇ ಕಡೆ ಇಡಬೇಡಿ. ಬಸ್ಸು ಕೆಲಸದ ದೂರವನ್ನು ಕಡಿಮೆ ಮಾಡುತ್ತದೆ, ಹಣ ಮನೆಯೊಳಗಿನ ಮಾತಿನ ತೂಕವನ್ನು ಬದಲಿಸುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಅಜ್ಜಿಗೆ ಪಿಂಚಣಿ ಬಂದ ಮನೆಗಳಲ್ಲಿ ಮೊಮ್ಮಗಳ ಪೌಷ್ಟಿಕತೆ ಸುಧಾರಿಸಿತು, ಅಜ್ಜನಿಗೆ ಬಂದ ಮನೆಗಳಲ್ಲಿ ಹಾಗಾಗಲಿಲ್ಲ ಎಂದು ಎಸ್ತರ್ ಡುಫ್ಲೊ 2003ರಲ್ಲಿ ಕಂಡುಕೊಂಡರು. ಮಧ್ಯಪ್ರದೇಶದಲ್ಲಿ ಉದ್ಯೋಗ ಖಾತ್ರಿಯ ಕೂಲಿಯನ್ನು ಹೆಂಗಸರ ಸ್ವಂತ ಖಾತೆಗೇ ಹಾಕಿ, ಆ ಖಾತೆಯನ್ನು ಬಳಸುವ ತರಬೇತಿಯನ್ನೂ ಕೊಟ್ಟಾಗ ಅವರು ದುಡಿಮೆಗೆ ಹೋಗುವುದು ಹೆಚ್ಚಿತು. ಆದರೆ ಡುಫ್ಲೊ ಅವರೇ 2012ರಲ್ಲಿ, ಬೆಳವಣಿಗೆ ತಾನಾಗಿಯೇ ಸಮಾನತೆಯನ್ನು ತರುವುದಿಲ್ಲ, ಹೆಣ್ಣಿನ ಕೈಗೆ ಹಣ ಕೊಟ್ಟ ಮಾತ್ರಕ್ಕೆ ಅಭಿವೃದ್ಧಿಯ ಎಲ್ಲ ಗಂಟುಗಳೂ ಬಿಚ್ಚಿಕೊಳ್ಳುವುದಿಲ್ಲ ಎಂದು ಎಚ್ಚರಿಸಿದ್ದಾರೆ. ಅದನ್ನೂ ಓದಿ.

ಮತ್ತೊಂದು ಮಾತು. ಪುಸ್ತಕದ ಅಂಕಿಗಳ ಜೊತೆಗೆ ಒಂದು ಬೆಳೆಯ ಲೆಕ್ಕವನ್ನು ನೀವೇ ತೆಗೆಯಿರಿ. ಚಾಕಿ ಹುಳು (ಎಳೆಯ ಹುಳು) ಮನೆಗೆ ಬಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಯಾರು ಎಷ್ಟು ಗಂಟೆ ದುಡಿದರು ಎಂಬುದನ್ನು ನಿಮ್ಮ ಬೀದಿಯ ಹತ್ತು ಮನೆಗಳಲ್ಲಿ ಬರೆದಿಟ್ಟುಕೊಳ್ಳಿ.

ಪ್ರತಿಕ್ರಿಯೆ: ಶಿಡ್ಲಘಟ್ಟದ ವಿದ್ಯಾರ್ಥಿನಿ

ಸರ್, ನಿನ್ನೆ ಊರಿಗೆ ಹೋಗಿದ್ದೆ. ನಿಮ್ಮ ಸಲಹೆಯನ್ನು ಅಮ್ಮನಿಗೆ ಹೇಳಿದಾಗ ಅವರು ನನ್ನನ್ನು ಹುಳುಮನೆಯ ಒಳಗೆ ಕರೆದೊಯ್ದು ಬಾಗಿಲ ಹಿಂದಿನ ಗೋಡೆ ತೋರಿಸಿದರು. ಪ್ರತಿ ಬೆಳೆಗೆ ಎಷ್ಟು ಮೊಟ್ಟೆ ತಂದದ್ದು, ಯಾವ ದಿನ ಹುಳು ಜ್ವರಕ್ಕೆ ಕೂತದ್ದು, ಎಷ್ಟು ಕಿಲೋ ಗೂಡು ಆದದ್ದು, ಕಿಲೋಗೆ ಏನು ದರ ಸಿಕ್ಕಿದ್ದು ಎಲ್ಲವನ್ನೂ ಇದ್ದಿಲಿನಲ್ಲಿ ಬರೆದಿಟ್ಟಿದ್ದಾರೆ. ಏಳು ಬೆಳೆಯ ಲೆಕ್ಕ ಅಲ್ಲಿದೆ. ಅಪ್ಪನ ಪಾಸ್‌ಬುಕ್ ತಂದು ಪಕ್ಕದಲ್ಲಿಟ್ಟು ನೋಡಿದೆ, ಆರು ಬೆಳೆಯ ಮೊತ್ತ ಸರಿಯಾಗಿ ತಾಳೆಯಾಯಿತು. ಏಳನೆಯದರಲ್ಲಿ ಪಾಸ್‌ಬುಕ್ಕಿನ ಮೊತ್ತ ಗೋಡೆಯದಕ್ಕಿಂತ ಕಡಿಮೆಯಿತ್ತು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ಆ ಸಲ ಎರಡು ಲಾಟು ಹಾಕಿದ್ದಾಗಿಯೂ ಒಂದರ ಹಣ ತಡವಾಗಿ ಮುಂದಿನ ಪುಟಕ್ಕೆ ಬಂದದ್ದಾಗಿಯೂ ನೆನಪಿಸಿಕೊಂಡರು. ಪುಟ ತಿರುಗಿಸಿದರೆ ಅಮ್ಮನ ಲೆಕ್ಕವೇ ಸರಿ.

ಮುಂದಿನ ಚಾಕಿ ಬರುವುದು ಸೋಮವಾರ. ಗಂಟೆಗಳನ್ನು ಬರೆಯಲು ಅಮ್ಮ ಗೋಡೆಯಲ್ಲಿ ಇನ್ನೊಂದು ಸಾಲು ಗೆರೆ ಎಳೆದುಕೊಟ್ಟಿದ್ದಾರೆ.